ಚೂರಮ್ಮನ ಮೇಜಿನ ಕೆಳಗೆ

ಡಬ್ಬಿ ಅಕ್ಕ ಎರಡು ವರ್ಷ ಹೊರದೇಶದಲ್ಲಿದ್ದು ಕಲಿತು ಬಂದವಳು ಎಂಬ ಮಾತು, ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಗಳ ಆ ಬೀದಿಯಲ್ಲಿ ಬಹಳ ಕಾಲದಿಂದ ಓಡಾಡಿಕೊಂಡಿದೆ. ಹೇಳುವವರು ತಮ್ಮ ತಮ್ಮ ಕೈಯಳತೆಯಷ್ಟು ಉಪ್ಪುಕಾರವನ್ನೂ ಸೇರಿಸುತ್ತಾರೆ. ಆಕೆಗೆ ಪಾಠ ಹೇಳಿದವರು ಬಿಳಿಗಡ್ಡದ ಪ್ರೊಫೆಸರರಂತೆ; ಗಾಜಿನ ಜಾಡಿಗೆ ಮಾಡಿದ ಆ ಹೆಸರಾಂತ ಡಬ್ಬಿಯ ನಕ್ಷೆಯನ್ನು ಸೂಟ್‌ಕೇಸಿನ ಒಳ ಅಸ್ತರಿಗೆ ಹೊಲಿದುಕೊಂಡು ತಂದಳಂತೆ. ಮೂಲೆಯ ಟೀ ಅಂಗಡಿಯವನಂತೂ ಆ ಸೂಟ್‌ಕೇಸನ್ನು ಆಟೋದಿಂದ ಇಳಿಸಿದ್ದು ತಾನೇ ಎನ್ನುತ್ತಾನೆ. ಅವನು ಹೇಳಿದಾಗಲೆಲ್ಲ ಅದರ ಬಣ್ಣ ಬದಲಾಗಿರುತ್ತದೆ.

ಇದರಲ್ಲಿ ಎಳ್ಳಷ್ಟೂ ಸತ್ಯವಿಲ್ಲ. ಡಬ್ಬಿ ಅಕ್ಕ ಸಮುದ್ರ ದಾಟಿದವಳಲ್ಲ. ವಿಮಾನವನ್ನು ಆಕೆ ಕಂಡಿರುವುದು ಕತ್ತೆತ್ತಿ ಮಾತ್ರ. ಸಂಜೆಯ ತರಗತಿಗಳಿಗೆ ಹೋಗಿ ನಕ್ಷೆ ಬರೆಯುವುದನ್ನು ಕಲಿತದ್ದುಂಟು. ಆದರೆ ಬರೆಯಬೇಕಾದದ್ದು ಏನು ಎಂಬುದನ್ನು ಆಕೆ ಅದಕ್ಕೂ ಬಹಳ ಹಿಂದೆ, ತಾಯಿ ನಿಂತು ದುಡಿಯುತ್ತಿದ್ದ ಮೇಜಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತು ಕಲಿತಿದ್ದಳು.

ತಾಯಿಯ ಕೆಲಸ ಹೀಗಿತ್ತು. ಡಬ್ಬಿಯಾಗಬೇಕಾದ ರಟ್ಟು ಮೊದಲು ಅಗಲವಾದ ಹಾಳೆಯಾಗಿರುತ್ತದೆ. ಅದರ ಒಂದು ಮುಖ ಬಿಳಿ, ಇನ್ನೊಂದು ಬೂದು. ಬಿಳಿಯ ಮುಖದ ಮೇಲೆ ಬಣ್ಣ, ಚಿತ್ರ, ಹೆಸರು ಅಚ್ಚಾಗುತ್ತವೆ. ಆಮೇಲೆ ಹಾಳೆ ಕತ್ತರಿಸುವ ಯಂತ್ರಕ್ಕೆ ಹೋಗುತ್ತದೆ. ಮರದ ಹಲಗೆಯಲ್ಲಿ ಉಕ್ಕಿನ ಅಲಗುಗಳನ್ನು ಡಬ್ಬಿಯ ಆಕಾರಕ್ಕೆ ಬಗ್ಗಿಸಿ ನೆಟ್ಟಿರುತ್ತಾರೆ. ಅದಕ್ಕೆ ಡೈ ಎಂದು ಹೆಸರು. ಡೈ ಒತ್ತಿದಲ್ಲಿ ಹರಿತವಾದ ಅಲಗು ಕತ್ತರಿಸುತ್ತದೆ, ಮೊಂಡಾದದ್ದು ಮಡಿಕೆಯ ಗೆರೆಯನ್ನು ಮೂಡಿಸುತ್ತದೆ. ಹಾಗೆ ಕತ್ತರಿಸಿಕೊಂಡ ಹಾಳೆಗಳಲ್ಲಿ ಬೇಡವಾದ ಚೂರುಗಳು ಇನ್ನೂ ಅಂಟಿಕೊಂಡೇ ಇರುತ್ತವೆ. ಅವನ್ನು ಮರದ ಸುತ್ತಿಗೆಯಿಂದ ಬಡಿದು, ಬಡಿತಕ್ಕೆ ಜಗ್ಗದಿದ್ದರೆ ಬೆರಳು ಹಾಕಿ ಕಿತ್ತು, ಡಬ್ಬಿಯನ್ನು ಬಿಡಿಸಿ ಕೊಡುವವಳು ಆಕೆಯ ತಾಯಿ. ಕಾರ್ಖಾನೆಯಲ್ಲಿ ಎಲ್ಲರಿಗೂ ಆಕೆ ಚೂರಮ್ಮ.

ಶಾಲೆ ಬಿಟ್ಟ ಮೇಲೆ ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಸಂಜೆಯವರೆಗೆ ಅವಳು ಮೇಜಿನ ಕೆಳಗೆ. ಮೇಲಿನಿಂದ ಸುತ್ತಿಗೆಯ ಸದ್ದಿನ ಜೊತೆ ಚೂರುಗಳ ಮಳೆ. ಚೂರಮ್ಮ ಪ್ರತಿಯೊಂದು ಆಕಾರಕ್ಕೂ ಹೆಸರಿಟ್ಟಿದ್ದಳು. ಡಬ್ಬಿಯ ಬದಿಗೆ ಕೊರೆದ ಕಿಟಕಿಯಿಂದ ಬೀಳುವ ದುಂಡನೆಯದು ಚಂದ್ರ. ಮೂಲೆಯಿಂದ ಬರುವ ಮೂರು ಬೆರಳಿನದು ಕೋಳಿಕಾಲು. ಎರಡು ಮಡಿಕೆಗಳ ನಡುವೆ ಸಿಕ್ಕಿಕೊಳ್ಳುವ ಸಣಕಲು ಪಟ್ಟಿ ಹಲ್ಲಿಬಾಲ. ಹಲ್ಲಿಬಾಲವೆಂದರೆ ಚೂರಮ್ಮನಿಗೆ ಮೈಯೆಲ್ಲ ಉರಿ. ಅದು ಸುತ್ತಿಗೆಗೆ ಬಗ್ಗುವುದಿಲ್ಲ. ಉಗುರಿನಿಂದಲೇ ಎಳೆಯಬೇಕು, ಎಳೆದಾಗ ರಟ್ಟಿನ ಅಂಚು ಬೆರಳ ತುದಿಯನ್ನು ಸೀಳುತ್ತದೆ.

"ಇದು ಯಾವುದರದ್ದು, ಹೇಳು ನೋಡೋಣ?" ಎಂದು ಆಕೆ ಮೇಲಿನಿಂದಲೇ ಒಂದು ಚೂರನ್ನು ಬಿಡುತ್ತಿದ್ದಳು.

"ಸಾಬೂನಿಂದು!"

"ಸಾಬೂನಂತೆ! ಸಾಬೂನಿನ ಕೋಳಿಕಾಲು ಇಷ್ಟು ಉದ್ದ ಇರುತ್ತೇನೇ? ಕಣ್ಣು ಎಲ್ಲಿ ಇಟ್ಟಿದ್ದೀಯ?"

"ಹಾಗಾದ್ರೆ ಬಲ್ಬಿಂದು."

"ಹೂಂ. ಈಗ ದಾರಿಗೆ ಬಂದೆ."

ಹೀಗೆ ಆ ಹುಡುಗಿ ಡಬ್ಬಿಯನ್ನು ಅದು ಬಿಟ್ಟುಹೋದ ಚೂರಿನಿಂದ ಓದಲು ಕಲಿತಳು. ಒಂದು ದಿನ ಯಂತ್ರದ ಅಲಗು ಮೊಂಡಾಗಿ, ಚಂದ್ರಗಳು ಪೂರ್ತಿ ಕತ್ತರಿಸಿಕೊಳ್ಳದೆ ಒಂದು ಕಡೆಯಲ್ಲಿ ಜೋತಾಡತೊಡಗಿದವು. ಚೂರಮ್ಮ ಅಲಗಿಗೂ ಅದನ್ನು ಮಸೆದವನಿಗೂ ಸೇರಿಸಿ ಬೈಯುತ್ತ, ಕೆಟ್ಟ ಹಾಳೆಯೊಂದನ್ನು ಕೆಳಗೆ ತಳ್ಳಿದಳು. ಮಗಳು ಜೋತ ಚಂದ್ರವನ್ನು ಒಳಕ್ಕೆ ಬಗ್ಗಿಸಿ ಅದರ ಮೇಲೊಂದು ಗೋಲಿ ಇಟ್ಟಳು. ಹಾಳೆಯನ್ನು ಎತ್ತಿ ಅಲುಗಾಡಿಸಿದಳು. ಗೋಲಿ ಮಡಿಲಲ್ಲಿ ಕುಳಿತಂತೆ ಕುಳಿತಿತ್ತು, ಬೀಳಲಿಲ್ಲ. ಅಂದು ಅದು ಬರೀ ಆಟ. ಹುಡುಗಿ ಅದನ್ನು ಮರೆತಳು, ಅಥವಾ ಮರೆತೆನೆಂದುಕೊಂಡಳು.

ದೊಡ್ಡವಳಾದ ಮೇಲೆ ಅದೇ ಕಾರ್ಖಾನೆಯ ಅಂಟಿನ ಮೇಜಿಗೆ ಸೇರಿದಳು. ಆ ಕಾಲಕ್ಕೆ ಅಲ್ಲಿ ಡಬ್ಬಿಯನ್ನು ಯಾರೂ ಯೋಚಿಸಿ ಮಾಡುತ್ತಿರಲಿಲ್ಲ. ಯಜಮಾನರ ಬಳಿ ದಿಂಬಿನಷ್ಟು ದಪ್ಪದ ಕ್ಯಾಟಲಾಗ್ ಇತ್ತು. ಗಿರಾಕಿ ಬಂದರೆ ಪುಟ ತಿರುಗಿಸಿ, ಒಂದು ಸಂಖ್ಯೆಯ ಮೇಲೆ ಬೆರಳಿಟ್ಟು, ಅದೇ ನಕ್ಷೆಯನ್ನು ಹೊರಗಿನಿಂದ ತರಿಸುತ್ತಿದ್ದರು. ಒಮ್ಮೆ ಟಾರ್ಚಿನ ಡಬ್ಬಿಯ ತಳ ಪದೇ ಪದೇ ಬಾಯಿ ಬಿಡುತ್ತಿತ್ತು. ಊಟದ ಬಿಡುವಿನಲ್ಲಿ ಆಕೆ ಎರಡು ಮಡಿಕೆಗಳ ಜಾಗವನ್ನು ಅದಲುಬದಲು ಮಾಡಿ ಯಜಮಾನರ ಮುಂದಿಟ್ಟಳು. ಅವರು ತಳವನ್ನು ಗುದ್ದಿ ನೋಡಿದರು, ತಾವೇ ಹತ್ತಿ ನಿಲ್ಲುವುದೊಂದು ಬಾಕಿ. ಮರುವಾರ ಶಾಯಿಯ ಡಬ್ಬಗಳನ್ನು ತುಂಬಿಡುತ್ತಿದ್ದ ಮೂಲೆಯ ಕೋಣೆ ಆಕೆಗಾಗಿ ಖಾಲಿಯಾಯಿತು. ಒಂದು ಮೇಜು, ಒಂದು ದೀಪ, ಒಂದು ಹಳೆಯ ಕಂಪ್ಯೂಟರ್ ಒಳಗೆ ಬಂದವು.

ಆ ಕೋಣೆಯ ಗೋಡೆಯ ಮೇಲೆ ಇಂದಿಗೂ ಒಂದೇ ಒಂದು ಅಂದದ ಡಬ್ಬಿಯಿಲ್ಲ. ಅಲ್ಲಿರುವುದೆಲ್ಲ ಹರಿದವು. ಅಂಗಡಿಗಳ ಹಿಂಬದಿಯ ಬುಟ್ಟಿಗಳಿಂದ, ನೆರೆಯವರ ಕಸದಿಂದ ಆಕೆ ಆರಿಸಿ ತಂದವು. ಕೊಂಡವನ ಹೆಬ್ಬೆರಳು ಎಲ್ಲಿ ಹೊಕ್ಕಿತು, ಎಲ್ಲಿ ಅವನ ತಾಳ್ಮೆ ಕೆಟ್ಟಿತು, ಎಲ್ಲಿ ಹಲ್ಲು ಹಾಕಿದ ಎಂಬುದನ್ನೆಲ್ಲ ಹರಿದ ಡಬ್ಬಿ ಬಾಯಿಬಿಟ್ಟು ಹೇಳುತ್ತದೆ ಎಂಬುದು ಆಕೆಯ ನಂಬಿಕೆ. ನೋಡಲು ಬಂದ ನೆಂಟರು ಮೂಗು ಮುರಿದದ್ದುಂಟು. "ಮೇಲೆದ್ದು ಬಂದ್ಲು ಅಂತ ಕೇಳಿ ಬಂದ್ವಿ. ನೋಡಿದ್ರೆ ಅದೇ ಕಸ," ಎಂದಿದ್ದಳು ಚಿಕ್ಕಮ್ಮ. ಚೂರಮ್ಮ ತಕ್ಷಣ ತಿರುಗಿ ಬಿದ್ದಳು: "ನಮ್ಮ ಮನೆ ಅನ್ನ ಬೆಂದಿದ್ದೇ ಕಸದ ಮೇಲೆ ಕಣೇ. ಕಾಲು ಒರೆಸಿಕೊಂಡು ಒಳಗೆ ಬಾ."

ಆಕೆಯ ನಕ್ಷೆಗಳಿಗೆ ಎರಡು ಗುರುತುಗಳಿದ್ದವು. ಒಂದು, ಅವುಗಳಲ್ಲಿ ಹಲ್ಲಿಬಾಲ ಬರುತ್ತಿರಲಿಲ್ಲ. ಇನ್ನೊಂದು, ಅವನ್ನೆಲ್ಲ ಆಕೆ ತಿರುಗುಮುರುಗಾಗಿ ಬರೆಯುತ್ತಿದ್ದಳು. ಜಗತ್ತಿನವರೆಲ್ಲ ಡಬ್ಬಿಯನ್ನು ಅಚ್ಚಾದ ಬಿಳಿಯ ಮುಖದಿಂದ ನೋಡಿ ಬರೆದರೆ, ಆಕೆಯ ಕೈಗೆ ಅದು ಬೂದುಮುಖದಿಂದಲೇ ಬರುತ್ತಿತ್ತು. ಕಾರಣ ಸರಳ. ಸುತ್ತಿಗೆಯ ಪೆಟ್ಟಿಗೆ ಬಣ್ಣ ಕೆಡಬಾರದೆಂದು ಚೂರಮ್ಮ ಹಾಳೆಗಳನ್ನು ಮಗುಚಿಯೇ ಜೋಡಿಸುತ್ತಿದ್ದಳು. ಮಗಳು ಕಂಡು ಬೆಳೆದದ್ದೆಲ್ಲ ಬೆನ್ನುಗಳನ್ನೇ. ಇದನ್ನು ಬಲ್ಲವರು ಡೈ ಮಾಡುವ ಹಿರಿಯರೊಬ್ಬರೇ. ಆಕೆ ಅವರನ್ನು ಮಾವ ಎಂದು ಕರೆಯುತ್ತಿದ್ದಳು. ಆಕೆಯ ನಕ್ಷೆ ಕೈಗೆ ಬಂದೊಡನೆ, ಯಾರಿಗೂ ಹೇಳದೆ, ನಗುತ್ತ ಅದನ್ನೊಮ್ಮೆ ಕನ್ನಡಿಯಂತೆ ತಿರುಗಿಸಿಕೊಂಡೇ ಅವರು ಅಲಗು ಬಗ್ಗಿಸುತ್ತಿದ್ದರು. ನಾಲ್ಕು ವರ್ಷ ಹೀಗೆಯೇ ನಡೆಯಿತು.

ಐದನೆಯ ವರ್ಷ ಯಜಮಾನರ ಉತ್ಸಾಹ ಇಳಿಯಿತು. ಸಣ್ಣಪುಟ್ಟ ಡಬ್ಬಿಗಳಿಗೆ ಇಷ್ಟೊಂದು ಯೋಚನೆ ಏಕೆ, ಕ್ಯಾಟಲಾಗೇ ಸಾಲದೇ ಎಂಬ ಮಾತು ಶುರುವಾಯಿತು. ಆಗ ಬಂದದ್ದು ಪ್ರಯೋಗಶಾಲೆಗಳಿಗೆ ಗಾಜಿನ ಸಾಮಾನು ಮಾಡುವ ಒಂದು ಕಂಪನಿಯ ಕರೆ. ಅವರ ಉದ್ದ ಕತ್ತಿನ ಅಳತೆಜಾಡಿ ದಾರಿಯಲ್ಲಿ ಒಡೆಯುತ್ತಿತ್ತು. ಮೂರು ಕಾರ್ಖಾನೆಗಳು ಡಬ್ಬಿ ಮಾಡಿ ತೋರಿಸಬೇಕು. ಜಾಡಿಯನ್ನು ಒಳಗಿಟ್ಟು ಎತ್ತಿ ಕೆಡವುತ್ತಾರೆ. ಯಾರ ಡಬ್ಬಿಯಲ್ಲಿ ಜಾಡಿ ಒಡೆಯದೆ ಉಳಿಯುತ್ತದೋ ಅವರಿಗೆ ಕೆಲಸ.

ಯಜಮಾನರು ಕೋಣೆಯ ಬಾಗಿಲಲ್ಲೇ ನಿಂತು ಹೇಳಿದರು. "ಇದು ಸಿಕ್ಕಿದ್ರೆ ಈ ಕೋಣೆ ನಿನ್ನದು. ಸಿಗಲಿಲ್ಲ ಅಂದ್ರೆ ಶಾಯಿ ಡಬ್ಬ ಕೋಣೆಗೆ, ನೀನು ಅಂಟಿನ ಮೇಜಿಗೆ. ಬೇಜಾರು ಮಾಡ್ಕೋಬಾರದು."

"ಶಾಯಿ ಡಬ್ಬಕ್ಕೆ ಬೇರೆ ಜಾಗ ನೋಡಿಡಿ ಸರ್," ಎಂದಳು ಆಕೆ.

ಮೂರು ವಾರ ಏನೂ ಹೊಳೆಯಲಿಲ್ಲ. ಒಳಗೆ ಹತ್ತಿಯಂಥದ್ದೇನಾದರೂ ತುಂಬೋಣವೆಂದರೆ ಜಾಡಿಗೆ ನಾರಿನ ಎಳೆ ಅಂಟಬಾರದೆಂಬ ಷರತ್ತು. ಗೋಡೆಗೆ ತಾಗಿದರೆ ಗಾಜು ಒಡೆಯುತ್ತದೆ, ತಾಗದಿದ್ದರೆ ನಿಲ್ಲುವುದಿಲ್ಲ. ಕೊನೆಗೊಂದು ಮಧ್ಯಾಹ್ನ, ಟೀ ಕೊಡಲೆಂದು ತಾಯಿಯ ಮೇಜಿಗೆ ಹೋದವಳಿಗೆ ಚೂರಮ್ಮನ ಬೈಗುಳ ಕೇಳಿಸಿತು.

"ನೋಡು, ಮತ್ತೆ ಮೊಂಡು ಅಲಗು! ಚಂದ್ರ ಬೀಳ್ತಾನೇ ಇಲ್ಲ. ಹಿಡಿದುಕೊಂಡು ಜೋತಾಡ್ತಿದ್ದಾನೆ!"

ಆಕೆಯ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ಗೋಲಿ ನೆನಪಾಯಿತು. ಡಬ್ಬಿಯ ಎರಡು ಬದಿಗಳಲ್ಲಿ ಕಿಟಕಿ ಕತ್ತರಿಸಬೇಕು, ಆದರೆ ಚಂದ್ರಗಳನ್ನು ಬೀಳಿಸಬಾರದು. ಒಂದೊಂದು ಅಂಚನ್ನು ಉಳಿಸಿ ಒಳಕ್ಕೆ ಬಗ್ಗಿಸಿದರೆ ಮೇಲಿನವು ಜಾಡಿಯ ಕತ್ತನ್ನು ಹಿಡಿಯುತ್ತವೆ, ಕೆಳಗಿನವು ಪಾದವನ್ನು. ಗಾಜು ಯಾವ ಗೋಡೆಗೂ ತಾಗದೆ ನಡುವೆ ನಿಲ್ಲುತ್ತದೆ. ಅಮ್ಮ ದಿನವೆಲ್ಲ ಕಿತ್ತೆಸೆಯುತ್ತಿದ್ದ ಚೂರೇ ಡಬ್ಬಿಯ ಜೀವವಾಗುತ್ತದೆ.

ಕೈಯಿಂದ ಕತ್ತರಿಸಿ ಮಾಡಿದ ಮಾದರಿ ಯಜಮಾನರನ್ನು ಒಪ್ಪಿಸಿತು. ಮಾದರಿಯೊಂದೇ ಸಾಲದು, ಯಂತ್ರದಿಂದಲೇ ಬಂದ, ಬಣ್ಣ ಅಚ್ಚಾದ ಡಬ್ಬಿಗಳನ್ನು ತೋರಿಸಬೇಕಿತ್ತು. ಇಷ್ಟು ದೊಡ್ಡ ಕೆಲಸದಲ್ಲಿ ಎಲ್ಲವೂ ಶಾಸ್ತ್ರೋಕ್ತವಾಗಿರಲೆಂದು ಆಕೆ, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು. ನಕ್ಷೆಯನ್ನು ತಾನೇ ತಿರುಗಿಸಿ, ಬಿಳಿಯ ಮುಖದಿಂದ, ಎಲ್ಲರಂತೆ ಬರೆದಳು. ಆ ಖುಷಿಯಲ್ಲಿ ಮಾವನಿಗೆ ಹೇಳುವುದನ್ನು ಮರೆತಳು. ಮಾವ ಎಂದಿನಂತೆ, ನಗುತ್ತ, ತಿರುಗಿಸಿದರು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ, ಅಚ್ಚಾದ ಮುನ್ನೂರು ಹಾಳೆಗಳ ಮುಂದೆ ಡೈ ಯಂತ್ರವನ್ನೇರಿತು. ಮೊದಲ ಹಾಳೆ ಹೊರಬಂತು. ಗಾಜಿನ ಕಂಪನಿಯ ಹೆಸರಿನ ನಡುವೆಯೇ ಅಲಗು ಹಾದುಹೋಗಿತ್ತು. ಎಡಕ್ಕೆ ಬರಬೇಕಾದ ಕಿಟಕಿ ಬಲಕ್ಕಿತ್ತು, ಬಲದ ಮುಚ್ಚಳ ಎಡಕ್ಕೆ. ಆಕೆ ಮಾವನ ಮುಖ ನೋಡಿದಳು. ಅವರಿಗೂ ಆ ಹೊತ್ತಿಗೆ ಅರ್ಥವಾಗಿತ್ತು, ಮುಖ ಸುಣ್ಣದಂತಾಗಿತ್ತು.

"ತಿರುಗಿಸಿಯೇ ಕೊಟ್ಟಿದ್ದೆಯಾ ಮಗಳೇ?" ಎಂದರು ಪಿಸುದನಿಯಲ್ಲಿ.

"ಹೂಂ ಮಾವ. ಹೇಳಬೇಕಿತ್ತು."

ಯಜಮಾನರು ಕೂಗಾಡಿದರು. "ಯಾರು ಮಾಡಿದ್ದು ಇದನ್ನ? ಯಾರದ್ದು ತಪ್ಪು?"

ಮಾವ ಬಾಯಿ ತೆರೆಯುವ ಮೊದಲೇ ಆಕೆ, "ತಪ್ಪು ನಕ್ಷೆಯದು ಸರ್, ನನ್ನದು," ಎಂದಳು.

ಹೊಸ ಡೈಗೆ ಮೂರು ದಿನ ಬೇಕು. ಹಾಳೆಯನ್ನು ಮಗುಚಿ ಹಾಕಿ ಕತ್ತರಿಸಿದರೆ ಎಲ್ಲ ಸರಿಹೋಗುತ್ತದಲ್ಲ ಎಂದರು ಯಜಮಾನರು. ಹಾಗೂ ಮಾಡಿ ನೋಡಿದರು. ಆಕಾರ ಕೂಡಿಬಂತು. ಆದರೆ ಮಡಿಕೆಯ ಗೆರೆಗಳು ಉಲ್ಟಾ ಬದಿಯಿಂದ ಒತ್ತಿಕೊಂಡಿದ್ದರಿಂದ, ಮಡಿಸಿದ ಕಡೆಯೆಲ್ಲ ಬಣ್ಣ ಬಿರುಕುಬಿಟ್ಟು ಬಿಳಿಯ ನಾರು ಕಂಡಿತು. ಹೊಸ ಡಬ್ಬಿ ಹತ್ತು ವರ್ಷ ಹಳೆಯದರಂತಿತ್ತು. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಆಕೆ ಹಾಳೆಗಳ ರಾಶಿಯನ್ನು ನೋಡುತ್ತ ನಿಂತಳು. ಅದರ ಪಕ್ಕದಲ್ಲೇ ಅಚ್ಚಾಗದ, ಬೋಳು ರಟ್ಟಿನ ರಾಶಿಯಿತ್ತು. ಬಣ್ಣವೇ ಇಲ್ಲದ ಹಾಳೆಗೆ ಎಡ ಯಾವುದು, ಬಲ ಯಾವುದು? ಕನ್ನಡಿಯೊಳಗಿನ ಡಬ್ಬಿಯೂ ಗಾಜನ್ನು ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ.

"ಬೋಳು ರಟ್ಟಿನಲ್ಲೇ ಕತ್ತರಿಸೋಣ ಸರ್. ಬಣ್ಣ ಇಲ್ಲದೆ ತೋರಿಸೋಣ."

"ಬಟ್ಟೆ ಇಲ್ಲದೆ ಮಗೂನ ಫೋಟೋಗೆ ಕೂರಿಸಿದ ಹಾಗೆ ಆಗುತ್ತೆ! ಬೇರೆಯವರು ಮಿರಮಿರ ಮಿಂಚುವ ಡಬ್ಬಿ ತರ್ತಾರೆ."

"ಅವರು ಕೆಡವೋದು ಬಣ್ಣಾನ ಅಲ್ವಲ್ಲ ಸರ್."

ಬೇರೆ ದಾರಿಯಿರಲಿಲ್ಲ. ಸಂಜೆಯೊಳಗೆ ಇಪ್ಪತ್ತು ಬೋಳು ಡಬ್ಬಿಗಳು ಸಿದ್ಧವಾದವು. ಚೂರಮ್ಮ ತನ್ನ ಪಾಲಿಗೆ ಬಂದ ಹಾಳೆಗಳನ್ನು ಬಡಿಯಲು ಸುತ್ತಿಗೆ ಎತ್ತಿದವಳು, ಹಾಗೇ ಇಳಿಸಿದಳು. ಸುತ್ತಲಿನ ಅಂಚು ತಾನಾಗಿಯೇ ಕಳಚಿ ಬಂತು. ಒಳಗೆ ಕೀಳಲು ಒಂದು ಚೂರೂ ಇರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು, ಜೋತ ಚಂದ್ರಗಳ ಮೇಲೆ ಬೆರಳಾಡಿಸಿದಳು. ಹೇಗಿದೆಯೆಂದು ಕೇಳುವ ಧೈರ್ಯ ಮಗಳಿಗೆ ಬರಲಿಲ್ಲ.

ಮರುದಿನ ಹನ್ನೊಂದಕ್ಕೆ ಸರಿಯಾಗಿ ಗಾಜಿನ ಕಂಪನಿಯ ತಪಾಸಣಾಧಿಕಾರಿ ಬಂದರು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದ, ನಗುವುದನ್ನು ಮನೆಯಲ್ಲೇ ಬಿಟ್ಟು ಬಂದಂತಿದ್ದ ಹೆಂಗಸು. ಕತ್ತರಿಸುವ ವಿಭಾಗದ ಸಿಮೆಂಟ್ ನೆಲವನ್ನೇ ಪರೀಕ್ಷೆಗೆ ಆರಿಸಿಕೊಂಡರು. ಹತ್ತು ಹೆಜ್ಜೆ ಆಚೆಗೆ ಚೂರಮ್ಮನ ಮೇಜು.

"ಅಚ್ಚಾಗಿಲ್ಲವಲ್ಲ?" ಎಂದರು ಅವರು ಡಬ್ಬಿಯನ್ನು ತಿರುಗಿಸುತ್ತ.

"ನಮ್ಮ ಕಡೆಯಿಂದ ಡೈ ತಿರುಗಿಬಿಟ್ಟಿದೆ ಮೇಡಂ," ಎಂದಳು ಆಕೆ, ಯಜಮಾನರು ಕೆಮ್ಮುತ್ತಿದ್ದರೂ ಲೆಕ್ಕಿಸದೆ. "ಮೂರು ದಿನದಲ್ಲಿ ಸರಿಮಾಡ್ತೀವಿ. ಹಿಡಿತ ಇದೇ."

"ಸರಿ. ಕೆಡವಿ ನೋಡೋಣ."

ಎದೆಯೆತ್ತರದಿಂದ ಕೆಡವಿದರು. ತಳದ ಮೇಲೆ, ತಲೆಯ ಮೇಲೆ, ನಾಲ್ಕೂ ಬದಿಗಳ ಮೇಲೆ, ಕೊನೆಗೆ ಮೂಲೆಯ ಮೇಲೆ. ಪ್ರತಿ ಸಲವೂ ಡಬ್ಬಿ ದೊಪ್ಪೆಂದಾಗ ಯಜಮಾನರ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಪ್ರತಿ ಸಲವೂ ಅಧಿಕಾರಿ ಕಿಟಕಿಯಿಂದ ಒಳಗಿಣುಕಿ, ಬೆರಳುಗುರಿನಿಂದ ಜಾಡಿಯನ್ನು ತಟ್ಟಿ, ಅದರ ಟಿಂಗ್ ಎಂಬ ಸದ್ದನ್ನು ಕೇಳುತ್ತಿದ್ದರು. ಏಳು ಡಬ್ಬಿಗಳಾದವು. ಏಳು ಜಾಡಿಗಳೂ ಇಡಿಯಾಗಿ ಹೊರಬಂದವು.

ಅಧಿಕಾರಿ ಕನ್ನಡಕ ಏರಿಸಿಕೊಂಡು ಒಂದು ಡಬ್ಬಿಯನ್ನು ಬಿಚ್ಚಿ ಹಾಳೆಯಾಗಿ ಹರಡಿದರು. ಬಣ್ಣವಿಲ್ಲದ ರಟ್ಟಿನ ಮೇಲೆ ಮಡಿಕೆಗಳು ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ. ಅವರು ಮಡಿಕೆಗಳನ್ನೇ ನೋಡಿದರು, ಬಹಳ ಹೊತ್ತು.

"ಕಿಟಕಿಯ ತುಂಡನ್ನು ಬಿಸಾಡಲೇ ಇಲ್ಲ ನೀವು. ಇದನ್ನು ಎಲ್ಲಿ ಕಲಿತಿರಿ?"

ಉತ್ತರ ಯಜಮಾನರ ಬಾಯಿಂದ ಹಾರಿಬಂತು. "ಹೊರದೇಶದಲ್ಲಿ ಮೇಡಂ! ಎರಡು ವರ್ಷ ಟ್ರೈನಿಂಗ್. ನಾವೇ ಖರ್ಚು ಹಾಕಿ ಕಳಿಸಿದ್ದು."

ಹತ್ತು ಹೆಜ್ಜೆ ಆಚೆ ಸುತ್ತಿಗೆಯ ಸದ್ದು ನಿಂತಿತು.

ಡಬ್ಬಿ ಅಕ್ಕ ತಲೆಯೆತ್ತಿ ನೋಡಲಿಲ್ಲ. ನೋಡಬೇಕಾದ ಅಗತ್ಯವಿರಲಿಲ್ಲ, ಆ ಸುತ್ತಿಗೆ ಏಕೆ ನಿಂತಿತೆಂದು ಅವಳಿಗೆ ಗೊತ್ತು. ಯಜಮಾನರ ಮಾತನ್ನು ಗಿರಾಕಿಯೆದುರು ಅಲ್ಲಗಳೆಯುವುದೆಂದರೆ ಕೋಣೆಯನ್ನು ಕೈಯಾರೆ ಕಳೆದುಕೊಂಡಂತೆ. ಸುಮ್ಮನಿದ್ದರೆ ಕೋಣೆ ಉಳಿಯುತ್ತದೆ. ಹೂಂ ಎನ್ನುವುದೂ ಬೇಕಿಲ್ಲ, ಸ್ವಲ್ಪ ನಕ್ಕರೆ ಸಾಕು.

"ಇಲ್ಲ ಮೇಡಂ," ಎಂದಳು. "ನಾನು ಎಲ್ಲಿಗೂ ಹೋಗಿಲ್ಲ. ಅಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಾರಲ್ಲ, ಅವರು ನನ್ನ ಅಮ್ಮ. ಅವರ ಮೇಜಿನ ಕೆಳಗೆ ಕಲಿತೆ. ಅವರು ಬಿಸಾಡಿದ್ದನ್ನ ಆಯ್ದುಕೊಂಡು."

ಯಜಮಾನರ ಮುಖ ಕೆಂಪಾಯಿತು. ಅಧಿಕಾರಿ ಅವರತ್ತ ತಿರುಗಿಯೂ ನೋಡದೆ, ಹರಡಿದ ಹಾಳೆಯನ್ನು ಹಿಡಿದು ನೇರವಾಗಿ ಚೂರಮ್ಮನ ಮೇಜಿಗೆ ನಡೆದರು.

"ನಿಮ್ಮ ಮಗಳ ಡಬ್ಬಿ ಹೇಗಿದೆಯಮ್ಮ? ನಿಜ ಹೇಳಿ."

ಚೂರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಏನು ಹೇಳಲಿ ಮೇಡಂ. ಮೂವತ್ತು ವರ್ಷದಿಂದ ಬಡೀತಿದ್ದೀನಿ. ಇದರಲ್ಲಿ ನನಗೆ ಕೀಳೋಕೆ ಒಂದು ಚೂರೂ ಇಲ್ಲ. ಹೆತ್ತ ತಾಯಿ ಕೆಲಸಕ್ಕೇ ಕುತ್ತು ತಂದಿದ್ದಾಳೆ ಇವಳು!"

ಹೇಳುವಾಗ ಆಕೆಯ ದನಿ ಗದರಿಸುವಂತಿತ್ತು. ಆದರೆ ಮುಖವನ್ನು ಎಷ್ಟು ಬಿಗಿಹಿಡಿದರೂ ಅದು ಅರಳುತ್ತಲೇ ಹೋಯಿತು. ಮೊದಲು ನಕ್ಕವರು ಡೈ ಮಾವ. ಆಮೇಲೆ ಯಂತ್ರದವರು, ಅಂಟಿನ ಮೇಜಿನವರು. ಕಡೆಗೆ, ಮನೆಯಲ್ಲಿ ಬಿಟ್ಟು ಬಂದ ನಗುವನ್ನು ಯಾರೋ ತಂದುಕೊಟ್ಟಂತೆ, ಅಧಿಕಾರಿಯೂ.

"ಬಣ್ಣ ಹಾಕಿದ ಮೇಲೆ ಒಂದು ಕಳಿಸಿ," ಎಂದಷ್ಟೇ ಹೇಳಿ ಅವರು ಹೋದರು. ಆರ್ಡರ್ ಪತ್ರ ಒಂಬತ್ತನೆಯ ದಿನ ಬಂತು. ಯಜಮಾನರು ಅದನ್ನು ತಾವೇ ಕೋಣೆಗೆ ತಂದು ಮೇಜಿನ ಮೇಲಿಟ್ಟು, ಬಾಗಿಲ ಬಳಿ ತಿರುಗಿ ನಿಂತರು.

"ಮಾತಾಡಿದ್ದು ಸರಿಯಾಗೇ ಇತ್ತು," ಎಂದರು. "ಆದ್ರೂ ಹೊರದೇಶ ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ."

ಆ ರುಚಿ ಅವರಿಗೆ ಹತ್ತಿಬಿಟ್ಟಿತು. ಮುಂದೆ ಬಂದ ಗಿರಾಕಿಗಳಿಗೆಲ್ಲ, ಆಕೆ ಎದುರಿಗಿಲ್ಲದಾಗ, ಅದನ್ನೇ ಹೇಳಿದರು. ಗಿರಾಕಿಗಳಿಂದ ಡ್ರೈವರುಗಳಿಗೆ, ಡ್ರೈವರುಗಳಿಂದ ಟೀ ಅಂಗಡಿಗೆ ಹರಡಿ ಸೂಟ್‌ಕೇಸು ಹುಟ್ಟಿದ್ದು ಹೀಗೆ.

ಇದಾಗಿ ಏಳು ವರ್ಷಗಳಾಗಿವೆ. ಗಾಜಿನ ಕಂಪನಿ ಈಗಲೂ ಅದೇ ಡಬ್ಬಿಯನ್ನು ತರಿಸಿಕೊಳ್ಳುತ್ತದೆ. ಕ್ಯಾಟಲಾಗ್ ಯಜಮಾನರ ಮೇಜಿನ ಕುಂಟುಗಾಲಿಗೆ ಆಸರೆಯಾಗಿದೆ. ಮೂಲೆಯ ಕೋಣೆಯಲ್ಲಿ ಈಗ ಎರಡು ಮೇಜುಗಳಿವೆ, ಗೋಡೆಯ ಮೇಲೆ ಹರಿದ ಡಬ್ಬಿಗಳು ಹೆಚ್ಚಾಗಿವೆ. ಚೂರಮ್ಮ ಎರಡು ವರ್ಷದ ಹಿಂದೆ ಕೆಲಸ ಬಿಟ್ಟಳು. ಮನೆಗೆ ಬರುವ ಪ್ರತಿ ಹೊಸ ಮಾದರಿಯನ್ನೂ ಬಿಚ್ಚಿ, ಹಲ್ಲಿಬಾಲವಿದೆಯೇ ಎಂದು ಹುಡುಕುತ್ತಾಳೆ. ಡಬ್ಬಿ ಅಕ್ಕ ನಕ್ಷೆಗಳನ್ನು ಬೂದುಮುಖದಿಂದಲೇ ಬರೆಯುತ್ತಾಳೆ, ಮಾವ ತಿರುಗಿಸಿಕೊಳ್ಳುತ್ತಾರೆ.